ಏಳನೆಯ ಹೆಜ್ಜೆ

ಶಾಕೀರಾ ನಮ್ಮ ಶಾಲೆಯ ಅಡುಗೆಮನೆಗೆ ಸೇರಿದ ಮೊದಲ ದಿನವೇ ನಾನು ಆಕೆಯ ಮೇಲೆ ಹರಿಹಾಯ್ದೆ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಮುಖ ಮುಖ ನೋಡಿಕೊಳ್ಳುತ್ತಿದ್ದವು. ನಾನು ಗಣಿತದವಳು. ಇಪ್ಪತ್ತಾರು ವರ್ಷ ಮಗ್ಗಿ ಹೇಳಿಸಿದವಳ ಬಾಯಿ ಜೋರಾಗದೆ ಇನ್ನೇನಾದೀತು? ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಬೇರೆ ಯಾರಾದರೂ ಆಗಿದ್ದರೆ ಒಂದಕ್ಕೆ ಎರಡು ಅನ್ನುತ್ತಿದ್ದರು, ಇಲ್ಲವೇ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಕೆ ಒಂದು ಹಿಡಿ ಉಪ್ಪು ಹಾಕಿ, ಸೌಟಿನಿಂದ ತಿರುವಿ, "ಈಗ ನೋಡ್ರಿ" ಎಂದಳು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಗೋಡೆಗೆ ಬೈದಂತಾಗಿ ನಾನೇ ಸುಮ್ಮನಾದೆ.

ಮರುದಿನ, "ನೀ ರುಚಿ ನೋಡಂಗಿಲ್ಲೇನು?" ಎಂದು ಕೇಳಿದೆ.

"ನೋಡಿದ್ರೂ ಗೊತ್ತಾಗಂಗಿಲ್ರಿ ಟೀಚರ್ರ."

ಅಂದಿನಿಂದ ಉಪ್ಪು ಖಾರ ನೋಡುವ ಕೆಲಸ ಜೊತೆಯ ಅಡುಗೆಯಾಕೆ ಜಂಬಮ್ಮನದಾಯಿತು. ಜಂಬಮ್ಮನಿಗೆ ರುಚಿಯೂ ಗೊತ್ತು, ಊರ ಸುದ್ದಿಯೂ ಗೊತ್ತು. ಒಂದು ಮಧ್ಯಾಹ್ನ ಶಾಕೀರಾ ಬೋಗುಣಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ನನ್ನನ್ನು ಒಳಗೆ ಕರೆದು, "ಆಕಿಗೆ ಏನೂ ಅನ್ಬ್ಯಾಡ್ರಿ. ಮೂರು ವರ್ಷದಿಂದ ಆಕಿ ಹಂಗ ಅದಾಳ" ಎಂದು ಶುರು ಮಾಡಿದಳು.

ಶಾಕೀರಾ ತುರ್ವಿಹಾಳದವಳು. ಗಂಡ ಮಂಜೂರ್ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ವರ್ಷದಲ್ಲಿ ಹನ್ನೊಂದು ತಿಂಗಳು ಚೀಲ ಹೊರುತ್ತಿದ್ದವನು ಮೊಹರಂ ಬಂತೆಂದರೆ ಊರಿಗೇ ವಸ್ತಾದ. ಅಲಾಯಿ ಕುಣಿ ಎಂದರೆ ಮೊಹರಂನ ಬೆಂಕಿಗುಂಡಿ; ಅದರ ಸುತ್ತ ಕುಣಿಯುವ ಹೆಜ್ಜೆ ಮೇಳದ ಮುಂದಾಳು ಅವನೇ. ಈ ಕುಣಿತದಲ್ಲಿ ಹಿಂದೂಗಳು ಎಷ್ಟು, ಮುಸಲ್ಮಾನರು ಎಷ್ಟು ಎಂದು ನಮ್ಮ ಕಡೆ ಯಾರೂ ಎಣಿಸುವುದಿಲ್ಲ. ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ವಸ್ತ್ರ, ಹಲಗೆ ವಾದ್ಯದ ಪೆಟ್ಟಿಗೆ ಸರಿಯಾಗಿ ಹನ್ನೆರಡು ಹೆಜ್ಜೆಗೆ ಒಂದು ಸುತ್ತು, ಅಷ್ಟೇ ಲೆಕ್ಕ. ಮಂಜೂರ್ ಶಾಕೀರಾ ದಂಪತಿಗೆ ಒಬ್ಬಳೇ ಮಗಳು, ಹುಸ್ನಾ. ಒಂಬತ್ತು ವರ್ಷ. ಡೆಂಗ್ಯೂ ಜ್ವರ ಬಂದು ಐದು ದಿನ ಮಲಗಿದಳು, ಮೊಹರಂ ತಿಂಗಳ ನಾಲ್ಕನೆಯ ದಿನ ತೀರಿಕೊಂಡಳು. ಆ ವರ್ಷದ ಮೇಳಕ್ಕೆ ಮಂಜೂರ್ ಹೋಗಲಿಲ್ಲ.

"ಅದು ಸರಿ ಐತಿ," ಎಂದಳು ಜಂಬಮ್ಮ. "ಆದ್ರ ಮುಂದ ಕೇಳ್ರಿ. ಯಾವುದೋ ಸಂಸ್ಥೆಯವ್ರು ಮಸ್ಕಿಗೆ ಬಂದು, ಹಳೇ ಕುಣಿತ ಎಲ್ಲಾ ಕಂಪ್ಯೂಟರ್‌ನ್ಯಾಗ ತುಂಬ್ತೀವಿ, ಬಾ ಅಂತ ಕರದ್ರು. ಮಗಳು ಸತ್ತು ಮೂವತ್ತಾರು ದಿನ ಆಗಿತ್ತು. ಅವರ ಮನ್ಯಾಗ ನಲವತ್ತು ದಿನ ತುಂಬೂತನ ಟಿವಿ ಸುದ್ದಾ ಹಚ್ಚಂಗಿಲ್ಲ. ಈ ಮನಶ್ಯಾ ಟ್ರಂಕಿನ್ಯಾಗಿಂದ ಗೆಜ್ಜಿ ತಗೊಂಡು ಬಸ್ ಹತ್ತಿದ!"

ಸಂಜೆ ಅವನು ಮರಳಿ ಬಂದಾಗ ಶಾಕೀರಾ ಬಾಗಿಲಲ್ಲೇ ನಿಂತಿದ್ದಳಂತೆ. "ಕುಣದು ಬಂದ್ರ್ಯಾ?" ಎಂದಳಂತೆ. ಅವನು ಗೆಜ್ಜೆಯನ್ನು ಮತ್ತೆ ಟ್ರಂಕಿನಲ್ಲಿಟ್ಟನಂತೆ. ಆಮೇಲೆ ಎರಡು ವರ್ಷ ಇಬ್ಬರೂ ಒಂದೇ ಸೂರಿನ ಕೆಳಗಿದ್ದರು. ನಲ್ಲಿಯಲ್ಲಿ ನೀರು ಬಂತು, ಜೋಳ ತೀರಿತು, ಸಿಲಿಂಡರ್ ಹೇಳಬೇಕು, ಇಷ್ಟು ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಗಿರಣಿಯಲ್ಲಿ ಊಟಕ್ಕೆಂದು ಕೂತ ಮಂಜೂರ್ ಕೂತಲ್ಲೇ ಒರಗಿದ. ಎದೆ ನಿಂತಿತ್ತು. ಆಗಲೂ ಶಾಕೀರಾ ಅಳಲಿಲ್ಲ. ಮಗಳು ಸತ್ತಾಗ ಗಂಡ ಕುಣಿದ, ಗಂಡ ಸತ್ತಾಗ ಹೆಂಡತಿ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ತುರ್ವಿಹಾಳದಲ್ಲಿ ಮಾತಾಯಿತು. ಆಕೆ ಊರು ಬಿಟ್ಟು ನಮ್ಮ ಸಿಂಧನೂರಿಗೆ ಬಂದು, ಅಕ್ಕನ ಮನೆಯ ಪಕ್ಕದ ಖೋಲಿಯಲ್ಲಿ ಇರತೊಡಗಿದಳು.

ಇದನ್ನೆಲ್ಲ ಕೇಳಿದ ಮೇಲೆ ನಾನು ಸಾರಿನ ವಿಷಯ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಮಂಜೂರ್ ಮೇಲೆ ಸಿಟ್ಟು ಬಂತು. ನೋಡದ ಮನುಷ್ಯನ ಮೇಲೆ ಸಿಟ್ಟಾಗುವುದು ಬಹಳ ಸುಲಭ.

ಈ ವರ್ಷ ಜೂನ್‌ನಲ್ಲಿ ನಮ್ಮ ಶಾಲೆಗೆ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಒಂದು ಟ್ಯಾಬು, ನಾಲ್ಕು ದಪ್ಪ ಕನ್ನಡಕ, ನಲವತ್ತು ಪುಟದ ಒಂದು ಕೈಪಿಡಿ. ಆಗ್‌ಮೆಂಟೆಡ್ ರಿಯಾಲಿಟಿ ಮೂಲಕ ಜಾನಪದ ಕುಣಿತ ಕಲಿಸುವ ಯೋಜನೆ ಎಂದು ಮೇಲೆ ಬರೆದಿತ್ತು. ಇಂಥ ಪೆಟ್ಟಿಗೆಗಳು ನಮ್ಮಲ್ಲಿ ಬಹಳ ಬಂದಿವೆ. ಹೆಚ್ಚಿನವು ಬೀರುವಿನಲ್ಲಿ ಬೆಚ್ಚಗಿವೆ. ಇದನ್ನೂ ಅಲ್ಲೇ ಇಡೋಣ ಎಂದುಕೊಂಡಿದ್ದೆ. ಮುಖ್ಯಗುರು ಲಾಲಪ್ಪ ಸರ್, "ಕುಣಿತ ಅಂದ್ರ ಎಣಿಕಿ ಅಲ್ರೀ ಟೀಚರ್? ಎಣಿಕಿ ಅಂದ್ರ ಗಣಿತ. ನೀವ ನೋಡ್ಕೋರಿ" ಎಂದುಬಿಟ್ಟರು. ಹೀಗೆ ಜೀವಮಾನದಲ್ಲಿ ಒಮ್ಮೆಯೂ ಕುಣಿಯದ ನಾನು ಕುಣಿತದ ಶಿಕ್ಷಕಿಯಾದೆ.

ಬಯ್ಯುತ್ತಲೇ ಟ್ಯಾಬು ತೆರೆದೆ. ಆದರೆ ಅದರೊಳಗಿಂದ ನಮ್ಮ ಶಾಲೆಯ ಹಾಲ್ ನೋಡಿದಾಗ ಬಾಯಿ ಕಟ್ಟಿತು. ಖಾಲಿ ನೆಲದ ನಡುವೆ ಒಂದು ಕೆಂಪು ಬೆಳಕಿನ ವೃತ್ತ, ಅದು ಅಲಾಯಿ ಕುಣಿ. ಅದರ ಪಕ್ಕ ತಲೆಗೆ ಪಟಗಾ ಸುತ್ತಿದ ಒಬ್ಬ ಮನುಷ್ಯ ನಿಂತಿದ್ದ. ಟ್ಯಾಬು ಕೆಳಗಿಳಿಸಿದರೆ ಹಾಲ್ ಖಾಲಿ. ಎತ್ತಿದರೆ ಅವನು ಇದ್ದಾನೆ. ಹಲಗೆ ಮೊಳಗಿತು, ಅವನು ಕುಣಿಯತೊಡಗಿದ. ಅವನು ಕಾಲಿಟ್ಟಲ್ಲಿ ನೆಲದ ಮೇಲೆ ಬೆಳಕಿನ ಹೆಜ್ಜೆ ಗುರುತು ಮೂಡುತ್ತಿತ್ತು. ಮಕ್ಕಳು ಅದರ ಮೇಲೆ ಕಾಲಿಡುತ್ತ ಹೋದರೆ ಕುಣಿತ ಬಂದಂತೆಯೇ.

ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಹೆಜ್ಜೆ ಕೊಟ್ಟವರು, ಮಂಜೂರ್, ತುರ್ವಿಹಾಳ.

ನಾನು ಟ್ಯಾಬು ಹಿಡಿದು ಅಡುಗೆಮನೆಗೆ ಹೋದೆ. ಹೋಗಬಾರದಿತ್ತೇನೋ. ಶಾಕೀರಾ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು.

"ಇದು ನಿಮ್ಮ ಮನಿಯವ್ರದೇನು ಶಾಕೀರಾ?"

"ಹೌದ್ರಿ."

"ನೋಡ್ತೀಯಾ?"

"ಬ್ಯಾಡ್ರಿ. ಒಲಿ ಮ್ಯಾಲ ಅನ್ನ ಐತಿ."

ಆಮೇಲೆ ಆಕೆ ಆ ಹಾಲ್‌ನ ಕಡೆ ಸುಳಿಯಲೇ ಇಲ್ಲ. ಅಭ್ಯಾಸ ನಡೆಯುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಹಾಕಿರುತ್ತಿತ್ತು. ಆ ಸೆಕೆಯಲ್ಲಿ ಜಂಬಮ್ಮ ಗೊಣಗುತ್ತಿದ್ದಳು, ತೆರೆಯುತ್ತಿರಲಿಲ್ಲ.

ಏಳನೆಯ ತರಗತಿಯ ಹನ್ನೆರಡು ಮಕ್ಕಳನ್ನು ಆರಿಸಿದೆ. ಮೊದಲ ದಿನವೇ ಸಂಘಮಿತ್ರಾ ಕನ್ನಡಕ ತೆಗೆದು ಕೂಗಿದಳು: "ಟೀಚರ್, ವಸ್ತಾದ್ರು ಹ್ಯಾಂಗ್ ಆದ್ರು!"

ನೋಡಿದೆ. ಆರು ಹೆಜ್ಜೆ ಸರಿಯಾಗಿ ಬೀಳುತ್ತಿದ್ದವು. ಏಳನೆಯದಕ್ಕೆ ಅವನ ಎಡಗಾಲು ಮೇಲೆದ್ದು ಹಾಗೇ ನಿಲ್ಲುತ್ತಿತ್ತು. ಹಲಗೆಯ ಪೆಟ್ಟು ಬೀಳುತ್ತಿತ್ತು, ಗೆಜ್ಜೆ ಸದ್ದು ಮಾಡುತ್ತಿರಲಿಲ್ಲ, ನೆಲದ ಮೇಲೆ ಗುರುತೂ ಮೂಡುತ್ತಿರಲಿಲ್ಲ. ಎಂಟಕ್ಕೆ ಮತ್ತೆ ಎಲ್ಲ ಸರಿ. ಯಂತ್ರದ ದೋಷವೆಂದು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದೆ. ಪ್ರತಿ ಸುತ್ತಿನಲ್ಲೂ ಅದೇ ಏಳು, ಅದೇ ಎಡಗಾಲು. ಒಂದು ಸಲ ತಪ್ಪಿದರೆ ತಪ್ಪು, ಪ್ರತಿ ಸಲ ತಪ್ಪಿದರೆ ಅದು ಶೈಲಿ ಇರಬೇಕು ಎಂದುಕೊಂಡು ಮಕ್ಕಳಿಗೆ ಹಾಗೇ ಹೇಳಿಕೊಟ್ಟೆ: "ಐದು, ಆರು, ಏಳು ಬಿಡ್ರಿ, ಎಂಟು!" ಲೆಕ್ಕದಲ್ಲಿ ಒಂದು ಹಂತ ಬಿಟ್ಟರೆ ಸೊನ್ನೆ ಸುತ್ತುವ ನಾನು ಎರಡು ತಿಂಗಳು ಮಕ್ಕಳಿಂದ ಒಂದು ಹೆಜ್ಜೆ ಬಿಡಿಸಿದೆ. ಯಾಕೆ ಎಂದು ಒಬ್ಬರನ್ನೂ ಕೇಳಲಿಲ್ಲ. ಮೇಳದವರು ಯಾರನ್ನಾದರೂ ಕರೆಸಿ ತೋರಿಸಬಹುದಿತ್ತು. ಕೈಪಿಡಿಯಲ್ಲಿ ಹಾಗೆ ಬರೆದಿರಲಿಲ್ಲ, ನಾನೂ ಮಾಡಲಿಲ್ಲ.

ಮಕ್ಕಳು ಮಾತ್ರ ಚೆನ್ನಾಗಿ ಕಲಿತವು. ಆಗಸ್ಟ್ ಕೊನೆಗೆ ಲಿಂಗಸುಗೂರಿನಲ್ಲಿ ಮೂರು ತಾಲ್ಲೂಕುಗಳ ಸ್ಪರ್ಧೆ ನಡೆಯಿತು. ನಮ್ಮ ಹನ್ನೆರಡು ಮಕ್ಕಳು ಕುಣಿದಾಗ ಇಡೀ ಸಭಾಂಗಣ ಚಪ್ಪಾಳೆ ಹೊಡೆಯಿತು. ಏಳಕ್ಕೆ ಹನ್ನೆರಡು ಎಡಗಾಲು ಒಟ್ಟಿಗೆ ಗಾಳಿಯಲ್ಲಿ ನಿಲ್ಲುವುದು ನೋಡಲು ಚೆಂದವೇ ಇತ್ತು. ನಾನು ಹಿಗ್ಗಿಹೋಗಿದ್ದೆ.

ಚಪ್ಪಾಳೆ ಹೊಡೆಯದವರು ಒಬ್ಬರೇ. ತೀರ್ಪುಗಾರರಲ್ಲಿ ಒಬ್ಬರಾದ ಗುರುಗುಂಟಾದ ಗೌಸ್‌ಸಾಬ್. ಐವತ್ತು ವರ್ಷ ಹೆಜ್ಜೆ ಮೇಳದಲ್ಲಿ ಕುಣಿದವರು, ಈಗ ಕೋಲು ಹಿಡಿದು ನಡೆಯುತ್ತಾರೆ. ಅವರು ಎದ್ದು ನಿಧಾನವಾಗಿ ನಮ್ಮ ಸಾಲಿನ ಹತ್ತಿರ ಬಂದರು. ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು:

"ಯಾರ ಮನ್ಯಾಗ ಸಾವಾಗೈತಿ ಟೀಚರಮ್ಮಾ?"

"ಯಾರ ಮನ್ಯಾಗೂ ಇಲ್ರಿ. ಯಾಕ್ರೀ?"

"ಮತ್ತ ಹನ್ನೆರಡೂ ಮಂದಿ ಹೆಜ್ಜಿ ಬಿಟ್ಟಾರ!"

ನನಗೆ ಅರ್ಥವಾಗಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಮೇಳದವನ ಮನೆಯಲ್ಲಿ ಸಾವಾದರೆ ಅವನು ಹತ್ತು ದಿನ ಕುಣಿಯುವುದಿಲ್ಲ. ಆಮೇಲೆ ಕುಣಿಯಬಹುದು, ಆದರೆ ವರ್ಷ ತುಂಬುವವರೆಗೆ ಏಳನೆಯ ಹೆಜ್ಜೆ ನೆಲಕ್ಕೆ ಇಡುವುದಿಲ್ಲ. ಅದು ಸತ್ತವರ ಹೆಜ್ಜೆ. ಕುಣಿಯುವವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದವರೂ ಕೇಳುವುದಿಲ್ಲ. ನೋಡಿದವರು ತಿಳಿದುಕೊಂಡು ಸ್ವಲ್ಪ ಜಾಗ ಬಿಟ್ಟು ಕುಣಿಯುತ್ತಾರೆ. ವರ್ಷ ದಾಟಿದ ಮೇಲೆ ಹೆಜ್ಜೆ ತುಂಬಿ ಕುಣಿಯಲೇಬೇಕು, ಇಲ್ಲವಾದರೆ ಹೋದವರನ್ನು ಹೋಗಲು ಬಿಟ್ಟಂತಾಗುವುದಿಲ್ಲ.

"ಸಾವಿಲ್ಲದ ಮನೀ ಮಕ್ಕಳು ಹೆಜ್ಜಿ ಬಿಡಬಾರದ್ರಿ. ಇದನ್ನ ಯಾರು ಕಲಿಸಿದ್ರು?"

"ತುರ್ವಿಹಾಳದ ಮಂಜೂರ್ ಅಂತ. ಕಂಪ್ಯೂಟರ್‌ನ್ಯಾಗ ಐತಿ."

"ಹೆಜ್ಜಿ ಕೊಟ್ಟಾಗ ಅಂವಗ ಏನಾರ ಆಗಿತ್ತೇನು?"

ಮೂವತ್ತಾರು ದಿನ ಎಂದು ಜಂಬಮ್ಮ ಹೇಳಿದ್ದು ಕಿವಿಯಲ್ಲಿ ಇತ್ತು.

ನಮಗೆ ಬಹುಮಾನ ಬರಲಿಲ್ಲ. ಸಂಜೆಯ ಬಸ್ಸಿನಲ್ಲಿ ಮಕ್ಕಳು ಎಂದಿನ ಗದ್ದಲವಿಲ್ಲದೆ ಕೂತಿದ್ದವು; ಗೌಸ್‌ಸಾಬರ ಮಾತು ಅವಕ್ಕೂ ಕೇಳಿಸಿತ್ತು. ಮಸ್ಕಿ ಹತ್ತಿರ ಬರುವಾಗ ಸಂಘಮಿತ್ರಾ ನನ್ನ ಸೀಟಿಗೆ ಬಂದು ಕೂತಳು.

"ಟೀಚರ್, ನಾವು ಎರಡು ತಿಂಗಳು ಹೆಜ್ಜಿ ಬಿಟ್ಟೀವಿ. ನಮ್ಮ ಮನ್ಯಾಗ ಏನಾರ ಆಗತೈತೇನ್ರಿ?"

"ಹುಚ್ಚಿ, ಏನೂ ಆಗಂಗಿಲ್ಲ," ಎಂದು ಗದರಿದೆ. ಅವಳು ನಂಬಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ನನ್ನ ಫೋನಿನಿಂದ ಎರಡು ಸಲ ತಾಯಿಗೆ ಕರೆ ಮಾಡಿದಳು.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇದೇ ಊರಿಗೆ ಮಂಜೂರ್ ಆ ದಿನ ಗೆಜ್ಜೆ ಹಿಡಿದು ಬಂದಿದ್ದ. ಕಿಟಕಿಯಿಂದ ನೋಡಿದರೆ ಬಾಳೆಹಣ್ಣಿನ ಬಂಡಿ, ಆಟೊಗಳು, ಚಹಾದ ಅಂಗಡಿ. ಅವನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ನನ್ನ ಸಿಟ್ಟು ಈಗ ಎಲ್ಲಿಡಬೇಕೋ ತಿಳಿಯಲಿಲ್ಲ. ನನ್ನ ಮೇಲೆಯೇ ಬಂತು.

ಮರುದಿನ ಮೊದಲ ಪಿರಿಯಡ್ ಬಿಟ್ಟು ಅಡುಗೆಮನೆಗೆ ಹೋದೆ. ಶಾಕೀರಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಮಣೆ ಎಳೆದುಕೊಂಡು ಕೂತೆ. ಹೇಗೆ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ.

"ನಿಮ್ಮ ಮನಿಯವ್ರು ಮಸ್ಕಿಯೊಳಗ ಪೂರಾ ಹೆಜ್ಜಿ ಕುಣಿದಿಲ್ಲ ಶಾಕೀರಾ. ಒಂದು ಬಿಟ್ಟಾರ."

ಆಕೆಯ ಬೆರಳು ಅಕ್ಕಿಯಲ್ಲಿ ನಿಂತಿತು. "ಏಳನೇದು?"

"ಹೌದು."

"ಎಡಗಾಲಾ?"

"ಎಡಗಾಲು. ಪ್ರತಿ ಸುತ್ತಿನ್ಯಾಗೂ."

ವಸ್ತಾದನ ಹೆಂಡತಿಗೆ ಅದರ ಅರ್ಥ ನಾನು ಹೇಳಬೇಕಾಗಿರಲಿಲ್ಲ. ಆಕೆ ಮತ್ತೆ ಅಕ್ಕಿ ಆರಿಸತೊಡಗಿದಳು. ಒಂದು ಕಲ್ಲು, ಒಂದು ನೆಲ್ಲು, ಇನ್ನೊಂದು ಕಲ್ಲು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದೆ. ಮೊರದಿಂದ ತಲೆಯೆತ್ತದೆ, ತಾರೀಖು ಓದಿ ಹೇಳುವವರ ದನಿಯಲ್ಲಿ ಮಾತಾಡಿದಳು.

"ಆಕಿ ಹೋಗಿದ್ದು ನಾಕನೇ ದಿನ. ಮೇಳ ಕುಣಿಯೋದು ಏಳನೇ ದಿನದಿಂದ. ಆ ವರ್ಷ ಹತ್ತು ದಿನ ಆಗಿದ್ದಿಲ್ಲ, ಕುಣಿಯಂಗಿದ್ದಿಲ್ಲ. ಮುಂದಿನ ವರ್ಷ ಮೇಳ ಬರೂದ್ರಾಗ ಆಕಿ ವರ್ಷ ತುಂಬಿ ಮೂರು ದಿನ ಆಗಿಬಿಟ್ಟಿತ್ರಿ. ಹೆಜ್ಜಿ ಬಿಡಂಗಿದ್ದಿಲ್ಲ."

ಮೊರ ಒಮ್ಮೆ ಕೊಡವಿದಳು.

"ಆಕಿ ಹೆಜ್ಜಿ ಬಿಡಾಕ ಅವರಿಗೆ ಎಲ್ಲೂ ಜಾಗಾನ ಇದ್ದಿದ್ದಿಲ್ಲ. ಆ ಮಸ್ಕಿ ಒಂದ ಇತ್ತು."

ಎದ್ದು ಅಕ್ಕಿ ತೊಳೆಯಲು ಹೋದಳು. ಮುಖ ಎಂದಿನಂತೆಯೇ ಇತ್ತು. ಅತ್ತುಬಿಟ್ಟರೆ ಒಳ್ಳೆಯದಿತ್ತು ಎಂದು ನನಗನ್ನಿಸಿತು. ಅದು ಆಕೆಗೋ ನನಗೋ ಈಗಲೂ ಗೊತ್ತಿಲ್ಲ.

ಗೌಸ್‌ಸಾಬ್ ಸುಮ್ಮನಿರಲಿಲ್ಲ. ಯೋಜನೆಯ ಸಂಸ್ಥೆಗೆ ತಿಳಿಸಿದ್ದರು. ಎಂಟು ದಿನದಲ್ಲಿ ಗಂಗಾಧರ ಎಂಬ ತರುಣ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ನಮ್ಮ ಶಾಲೆಗೆ ಬಂದ. ಮಸ್ಕಿಯವನೇ, ಮಂಜೂರ್ ಹೆಜ್ಜೆ ಕೊಟ್ಟ ದಿನ ಅವನ ಮೈಮೇಲೆ ಚಲನೆ ದಾಖಲಿಸುವ ಗುರುತಿನ ಚುಕ್ಕೆಗಳನ್ನು ಅಂಟಿಸಿದ್ದು ತಾನೇ ಎಂದ. ಇದೇ ಕುಣಿತ ಇನ್ನೂ ಅರವತ್ತು ಶಾಲೆಗಳಿಗೆ ಹೋಗಲಿದೆಯಂತೆ. ಅದಕ್ಕೆ ಮೊದಲು ಏಳನೆಯ ಹೆಜ್ಜೆ ತುಂಬಬೇಕು. ಮಾಡಲು ಐದು ನಿಮಿಷ ಸಾಕು, ಆದರೆ ಹೆಜ್ಜೆ ಕೊಟ್ಟವರ ಒಪ್ಪಿಗೆ ಇಲ್ಲದೆ ಏನನ್ನೂ ತಿದ್ದುವಂತಿಲ್ಲ. ಅವರಿಲ್ಲದಿದ್ದರೆ ಮನೆಯವರದು ಬೇಕು.

ಶಾಕೀರಾಳನ್ನು ಹಾಲ್‌ಗೆ ಕರೆಸಿದೆ. ಆಕೆ ಬಾಗಿಲಲ್ಲೇ ಕೂತಳು. ಕುರ್ಚಿ ಕೊಟ್ಟರೂ ಬೇಡವೆಂದಳು.

ಗಂಗಾಧರ ಎಲ್ಲವನ್ನೂ ವಿವರಿಸಿ, ಕೊನೆಗೆ ಅಂದ: "ಅವತ್ತು ಮೂರು ಸಲ ತಗೊಂಡ್ವಿ ಅಕ್ಕಾರ. ಮೂರೂ ಸಲ ಕಾಲು ನಿಂತು ಬಿಡ್ತು. ಅಣ್ಣಾರ, ಏಳನೇದು ಯಾಕ ಇಡವಲ್ರಿ ಅಂತ ನಾನ ಕೇಳಿದ್ನಿ. 'ಅದು ನಂದಲ್ಲಪಾ, ಇರಲಿ ಬಿಡು' ಅಂದ್ರು. ನನಗ ತಿಳೀಲಿಲ್ಲ."

ಶಾಕೀರಾ ನೆಲ ನೋಡುತ್ತಿದ್ದಳು.

"ತುಂಬಲಿಲ್ಲಂದ್ರ ಏನಾಗತೈತಿ?" ಎಂದು ಕೇಳಿದಳು.

"ಏನಾಗಂಗಿಲ್ರಿ. ನೀವು ಬ್ಯಾಡ ಅಂದ್ರ ಹಂಗ ಇರತೈತಿ. ಮಕ್ಕಳು ಹಂಗ ಕಲೀತಾವ."

ಬೇಡ ಎನ್ನಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಮಗಳಿಗಾಗಿ ಆ ಮನುಷ್ಯ ಪಟ್ಟ ದುಃಖ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ ಜಾಗದಲ್ಲಿ. ಅದನ್ನೂ ಅಳಿಸಿದರೆ ಆಕೆಗೆ ಏನು ಉಳಿದೀತು? ಮಕ್ಕಳಿಗೆ ನಾನು ಬಾಯಲ್ಲಿ ಸಮಾಧಾನ ಹೇಳುತ್ತೇನೆ, ಸಂಘಮಿತ್ರಾಳ ತಾಯಿಗೂ ಹೇಳುತ್ತೇನೆ. ಆದರೆ ಆ ದಿನ ನನಗೆ ಮಾತಾಡುವ ಹಕ್ಕಿರಲಿಲ್ಲ.

"ಒಂದು ಸಲ ನೋಡ್ಲೇನ್ರಿ?" ಎಂದಳು.

ಗಂಗಾಧರ ಕನ್ನಡಕ ಕೊಡಲು ಬಂದ. ಆಕೆಗೆ ಅದು ಬೇಡವಾಗಿತ್ತು. ಟ್ಯಾಬನ್ನೇ ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು. ಹಲಗೆ ಶುರುವಾಯಿತು. ನಾನು ಆಕೆಯ ಹೆಗಲ ಹಿಂದಿನಿಂದ ನೋಡಿದೆ. ಆರಕ್ಕೆ ಬಂದಾಗ ಆಕೆಯ ತುಟಿ ಅಲುಗಿತು. ಏಳಕ್ಕೆ ಕಾಲು ಗಾಳಿಯಲ್ಲಿ ನಿಂತಿತು. ಆಕೆ ಉಸಿರು ಬಿಡಲಿಲ್ಲ. ಎಂಟು.

ಮೂರು ಸುತ್ತು ನೋಡಿದಳು. ನಾಲ್ಕನೆಯದರಲ್ಲಿ, "ಈ ಮಾರಿ ಅವರದಲ್ಲ" ಎಂದಳು.

"ಅಲ್ರಿ ಅಕ್ಕಾರ. ಮುಖ ನಾವು ತಗೊಂಡಿದ್ದಿಲ್ಲ. ಮೈ ಅಷ್ಟ. ಮುಖ ಆಮ್ಯಾಲ ಕಂಪ್ಯೂಟರ್‌ನ್ಯಾಗ ಬರದೀವಿ."

"ಅಳ್ತಿದ್ರೇನು ಅವತ್ತು?"

ಗಂಗಾಧರ ನನ್ನ ಕಡೆ ನೋಡಿದ. ಸುಳ್ಳು ಹೇಳಲು ಅವನಿಗೆ ಬರಲಿಲ್ಲ. "ನೆನಪಿಲ್ರಿ," ಎಂದ. "ನಾ ಕಾಲು ಅಷ್ಟ ನೋಡಾಕತ್ತಿದ್ನಿ."

ಶಾಕೀರಾ ಟ್ಯಾಬನ್ನು ಅವನ ಕೈಗೆ ಮರಳಿ ಕೊಟ್ಟಳು.

"ತುಂಬ್ರಿ," ಎಂದಳು. "ವರ್ಷ ದಾಟಿ ಭಾಳ ದಿನ ಆತು. ಮಂದೀ ಮಕ್ಕಳು ನಮ್ಮ ಮನೀ ಸಾವು ಯಾಕ ಕುಣೀಬೇಕು."

ಗಂಗಾಧರ ಅದೇ ಕುಣಿತದ ಮೂರನೆಯ ಹೆಜ್ಜೆಯನ್ನು ಎತ್ತಿ ಏಳರ ಜಾಗದಲ್ಲಿ ಕೂರಿಸುತ್ತೇನೆ, ಅದೂ ಅವರದೇ ಕಾಲು ಎಂದ. ಆಕೆ ತಲೆಯಾಡಿಸಿದಳು. ಅವನು ಮೊದಲಿನದರ ಒಂದು ಪ್ರತಿಯನ್ನು ನಿಮ್ಮ ಫೋನಿಗೆ ಹಾಕಿಕೊಡಲೇ, ಯಾರಿಗೂ ತೊಂದರೆಯಿಲ್ಲ, ನೀವಷ್ಟೇ ನೋಡಬಹುದು ಎಂದು ಕೇಳಿದ. ಒಳ್ಳೆಯ ಹುಡುಗ.

"ಬ್ಯಾಡಪ್ಪ. ಬಿಟ್ಟ ಹೆಜ್ಜಿ ವರ್ಷದ ಮ್ಯಾಲ ಇಟ್ಕೋಬಾರದು."

ನನಗೆ ತಡೆಯಲಾಗಲಿಲ್ಲ. "ಇಟ್ಕೋ ಶಾಕೀರಾ! ಒಂದು ಪ್ರತಿ ಇಟ್ಕೊಂಡ್ರ ಯಾರು ಕೇಳ್ತಾರ?" ಎಂದೆ. ಜೋರಾಗಿಯೇ ಅಂದೆನೇನೋ. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಬೇಸರವಿರಲಿಲ್ಲ; ತಿಳಿಯದ ಮಗುವನ್ನು ನೋಡಿದಂತಿತ್ತು. ಕಾಗದಕ್ಕೆ ಸಹಿ ಹಾಕಿದಳು. ಗಂಗಾಧರ ಗುಂಡಿ ಒತ್ತಿದ. ಟ್ಯಾಬಿನೊಳಗೆ ಪಟಗಾದವನು ಮತ್ತೆ ಶುರು ಮಾಡಿದ. ಐದು, ಆರು, ಏಳು, ಎಂಟು, ಗೆಜ್ಜೆ ಎಲ್ಲೂ ನಿಲ್ಲಲಿಲ್ಲ. ನಾನಂತೂ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಆಕೆ ಪೂ‌ರ್ತಿ ಒಂದು ಸುತ್ತು ನೋಡಿ ಅನ್ನ ಬಡಿಸಲು ಹೋದಳು.

ಇದಾದ ವಾರದಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ ಶಾಕೀರಾ ಸ್ಟಾಫ್ ರೂಮಿಗೆ ಬಂದಳು. ಅಲ್ಲಿಯವರೆಗೆ ಆಕೆ ಆ ಕೋಣೆಯ ಒಳಗೆ ಕಾಲಿಟ್ಟಿರಲಿಲ್ಲ. ಒಂದು ಸ್ಟೀಲ್ ಡಬ್ಬಿ ನನ್ನ ಮೇಜಿನ ಮೇಲಿಟ್ಟಳು. ತೆರೆದರೆ ರವೆ ಬೆಲ್ಲದ ಸಜ್ಜಕ, ಇನ್ನೂ ಬೆಚ್ಚಗಿತ್ತು.

"ಏನಿದು?"

"ಫಾತೇಹ ಓದಿಸಿದ್ನಿ. ಹುಸ್ನಾನ ಅಬ್ಬಾನ ಹೆಸರಿನ್ಯಾಗ."

ಸತ್ತವರಿಗೆ ಸೇರುತ್ತಿದ್ದ ಅಡುಗೆ ಮಾಡಿ, ಅವರ ಹೆಸರಿನಲ್ಲಿ ಓದಿಸಿ ನಾಲ್ಕು ಜನಕ್ಕೆ ಹಂಚುವುದು ಅವರಲ್ಲಿ ರೂಢಿ. ಆಕೆಯ ಬಾಯಿಂದ ಮಗಳ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಇಷ್ಟು ದಿನ ಓದಿಸಿದ್ದಿಲ್ಲೇನು?"

"ಮಗಳ ಹೆಸರಿಗೆ ಓದಿಸ್ತಿದ್ನಿ. ಅವರ ಹೆಸರು ತಗೊಂಡಿದ್ದಿಲ್ಲ."

ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಆಕೆ ಸೆರಗು ಸರಿಪಡಿಸಿಕೊಂಡು ಬಾಗಿಲ ತನಕ ಹೋಗಿ ನಿಂತಳು.

"ಎರಡು ವರ್ಷ ಒಂದ ಮನ್ಯಾಗ ಇದ್ವಿ ಟೀಚರ್ರ," ಎಂದಳು. "ಯಾಕ ಹೋಗಿದ್ರಿ ಅಂತ ಒಂದು ಸಲ ಕೇಳಿದ್ರ ಹೇಳ್ತಿದ್ರೇನೋ. ನಾ ಕೇಳಲಿಲ್ಲ."